ಸ್ವೆಟರ್ ಕಡ್ಡಿ ನಿಂತ ಜಾಗ

ದಿಲ್ಲಿಯಲ್ಲಿ ಈಗ ಎಲ್ಲಿ ನೋಡಿದರೂ ತೂತಿನ ಗೋಡೆಗಳು. ಲಕ್ಷ್ಮೀ ನಗರದ ಕೋಚಿಂಗ್ ಕ್ಲಾಸು, ಗುರುಗ್ರಾಮದ ಆಫೀಸು, ನೋಯ್ಡಾದ ಮದುವೆ ಹಾಲು, ಕೊನೆಗೆ ಹಲ್ಲಿನ ಡಾಕ್ಟರ ಕೋಣೆಯಲ್ಲೂ ಮರದ ಬಣ್ಣದ ಹಲಗೆ, ಅದರ ತುಂಬ ಸಾಲುಸಾಲು ಸಣ್ಣ ತೂತು. ಸದ್ದು ಹೀರುವ ಗೋಡೆಯಂತೆ. ನಾನು ಹೋಗಿ ಮುಟ್ಟಿ ನೋಡಿದವುಗಳಲ್ಲಿ ಹೆಚ್ಚಿನವು ಸುಳ್ಳು. ಹಾಕಿಸಿದವನಿಗೆ ಗೊತ್ತಿಲ್ಲ, ಹಾಕಿದವನಿಗೆ ಗೊತ್ತು. ನನಗೆ ಮೈಯೆಲ್ಲ ಉರಿಯುತ್ತದೆ. ಬೇರೆಯವರ ಮೇಲೆ ಉರಿಯುವ ಹಕ್ಕು ನನಗಿಲ್ಲ ಎಂಬುದಕ್ಕೆ ಇನ್ನಷ್ಟು ಉರಿಯುತ್ತದೆ.

ಒಳಾಂಗಣದ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ತಿಪಟೂರಿನಿಂದ ಸೋದರಮಾವನ ಹಿಂದೆ ಬಂದವನು. ಅವರು ಒಂದು ಮಂತ್ರಾಲಯದಲ್ಲಿ ಗುಮಾಸ್ತರು, ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಇದ್ದರು. ನನ್ನನ್ನೂ ಸರ್ಕಾರದೊಳಗೆ ತೂರಿಸಬೇಕೆಂದು ಅವರಿಗೆ ಆಸೆ, ಪರೀಕ್ಷೆಗಳಿಗೆ ಆ ಆಸೆ ಇರಲಿಲ್ಲ. ಕೊನೆಗೆ ಸಭಾಂಗಣಗಳ ಒಳಗೆಲಸ ಮಾಡಿಸುವ ಖನ್ನಾ ಸಾಹೇಬರ ಬಳಿ ಸೇರಿದೆ. ಸಾಮಾನು ಎಣಿಸುವವನಾಗಿ ಸೇರಿ ಸೈಟ್ ಸೂಪರ್‌ವೈಸರ್ ಆಗಿ ಹೊರಬಿದ್ದೆ. ನಡುವೆ ಏನೇನಾದೆ ಎಂಬುದು ಯಾರಿಗೂ ಬೇಡ.

ಕೆಲಸ ಕಲಿಸಿದವರು ಸೇನ್ ಸಾಹೇಬರು. ಹಾಲುಗಳಲ್ಲಿ ಸದ್ದು ಹೇಗಿರಬೇಕೆಂದು ಲೆಕ್ಕ ಹಾಕಿಕೊಡುತ್ತಿದ್ದ ಬಂಗಾಳಿ ಎಂಜಿನಿಯರ್. ಯಾವ ಹಾಲಿಗೆ ಬಂದರೂ ನಮಸ್ಕಾರವಿಲ್ಲ, ಚಹಾ ಇಲ್ಲ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ಕಣ್ಣು ಮುಚ್ಚುತ್ತಿದ್ದರು. ಆ ಸದ್ದು ಸಾಯುವವರೆಗೆ ಯಾರೂ ಕೆಮ್ಮುವಂತಿರಲಿಲ್ಲ. ಒಮ್ಮೆ ಊಟದ ಹೊತ್ತಿನಲ್ಲಿ, ತೂತು ಹೇಗೆ ಸದ್ದು ತಿನ್ನುತ್ತದೆ ಎಂದು ಕೇಳಿದೆ. ಕುಡಿಯುತ್ತಿದ್ದ ತಂಪು ಪಾನೀಯದ ಬಾಟಲಿಯ ಬಾಯಿಗೆ ತುಟಿಯಿಟ್ಟು ಊದಿದರು. ಬಾಟಲಿ ಹೂಂಕರಿಸಿತು. ಇನ್ನೊಂದು ಗುಟುಕು ಕುಡಿದು ಮತ್ತೆ ಊದಿದರು. ದನಿ ಇನ್ನೂ ದಪ್ಪವಾಯಿತು.

ಅವರು ಹಿಂದಿಯಲ್ಲಿ ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ತೂತಿನೊಳಗಿನ ಗಾಳಿ ಒಂದು ಸಣ್ಣ ಬಿರಡೆ ಇದ್ದಂತೆ. ಹಲಗೆಯ ಹಿಂದೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗ್ ಇದ್ದಂತೆ. ಸದ್ದು ಬಂದು ಬಿರಡೆಯನ್ನು ಒಳಕ್ಕೆ ನೂಕುತ್ತದೆ, ಹಿಂದಿನ ಗಾಳಿ ಅದನ್ನು ಹೊರಕ್ಕೆ ನೂಕುತ್ತದೆ. ಹೀಗೆ ಹೋಗಿಬಂದು ಮಾಡುವಾಗ ಗಾಳಿಯು ತೂತಿನ ಅಂಚಿಗೂ ಹಿಂದೆ ಇಟ್ಟ ಹತ್ತಿಯಂಥ ಗ್ಲಾಸ್ ವೂಲಿಗೂ ಉಜ್ಜಿ ಉಜ್ಜಿ ಸೋಲುತ್ತದೆ. ಸದ್ದಿನ ಬಲವೆಲ್ಲ ಕೈಗೆ ತಿಳಿಯದಷ್ಟು ಬಿಸಿಯಾಗಿ ಮುಗಿದುಹೋಗುತ್ತದೆ. ಹಿಂದಿನ ಜಾಗ ಆಳವಾದಷ್ಟೂ ದಪ್ಪ ದನಿಯನ್ನು ತಿನ್ನುತ್ತದೆ, ಕಿರಿದಾದಷ್ಟೂ ಸಣ್ಣ ದನಿಯನ್ನು. ನಲ್ಲಿಯ ಕೆಳಗೆ ಕೊಡ ಇಟ್ಟವರಿಗೆ ಇದು ಗೊತ್ತು. ನೀರು ಮೇಲೇರಿ ಒಳಗಿನ ಗಾಳಿ ಕಡಿಮೆಯಾದಂತೆ ದನಿ ಸಣ್ಣಗಾಗುತ್ತ ಹೋಗುತ್ತದೆ. ಮಾವನ ಮನೆಯಲ್ಲಿ ಅತ್ತೆ ಅಡಿಗೆಮನೆಯಿಂದಲೇ "ಶ್ರೀಪತಿ, ತುಂಬಿತು ನಿಲ್ಲಿಸೋ" ಎನ್ನುತ್ತಿದ್ದುದು ಆ ದನಿ ಕೇಳಿಯೇ.

ಆದ್ದರಿಂದ ಕೆಲಸ ಮಾಡುವುದು ತೂತಲ್ಲ, ತೂತಿನ ಹಿಂದಿನ ಗಾಳಿ. ಗೋಡೆಗೆ ಮರದ ಪಟ್ಟಿ, ಅಂದರೆ ರೀಪು ಹೊಡೆದು, ನಡುವೆ ಗ್ಲಾಸ್ ವೂಲ್ ಇಟ್ಟು, ಜಾಗ ಬಿಟ್ಟು, ಅದರ ಮೇಲೆ ಹಲಗೆ ಕೂರಿಸಬೇಕು. ಹಲಗೆಯನ್ನು ನೇರವಾಗಿ ಸಿಮೆಂಟಿಗೆ ಅಂಟಿಸಿದರೆ ತೂತು ಬರೀ ಗುಳಿ. ಬಂದ ಸದ್ದು ಬಂದ ಹಾಗೆಯೇ ವಾಪಸು.

ನನ್ನ ಮೊದಲ ತಪ್ಪು ದೊಡ್ಡದಲ್ಲ, ನಗುವಂಥದ್ದು. ಒಂದು ಸರ್ಕಾರಿ ಕಚೇರಿಯ ಮೀಟಿಂಗ್ ಹಾಲು. ಎಲ್ಲ ಮುಗಿದ ಮೇಲೆ ಅಲ್ಲಿಯ ಅಧಿಕಾರಿಗೆ ಹಲಗೆಯ ಬಿಳಿ ಬಣ್ಣ ಹಿಡಿಸಲಿಲ್ಲ, ಕೆನೆ ಬಣ್ಣ ಬೇಕೆಂದರು. ನಾನು ಪೇಂಟರನ್ನು ಕರೆದು ರೋಲರ್ ಹೊಡೆಸಿದೆ. ಎರಡು ಕೋಟು. ಗೋಡೆ ಹಬ್ಬದ ಹೋಳಿಗೆಯಂತೆ ನುಣ್ಣಗಾಯಿತು. ಸೇನ್ ಸಾಹೇಬರು ಬಂದು ಚಪ್ಪಾಳೆ ತಟ್ಟಿದರು. ಹಾಲು ಹಿತ್ತಾಳೆ ಹಂಡೆಯಂತೆ ಮೊಳಗಿತು. ಅವರು ಗೋಡೆಯ ಹತ್ತಿರ ಹೋಗಿ ಕನ್ನಡಕ ಮೇಲೆತ್ತಿ ನೋಡಿದರು. ತೂತುಗಳೆಲ್ಲ ಬಣ್ಣದಿಂದ ಮುಚ್ಚಿದ್ದವು.

"ಮದ್ರಾಸಿ, ದೀವಾರ್ ಕೋ ಬಹರಾ ಕರ್ ದಿಯಾ ತೂನೇ," ಎಂದರು. ಗೋಡೆಯನ್ನು ಕಿವುಡು ಮಾಡಿಬಿಟ್ಟೆ ಎಂದು.

"ಸಾಹೇಬ್, ತಿಪಟೂರು ಮದ್ರಾಸಿನಲ್ಲಿಲ್ಲ," ಎಂದೆ ನಾನು, ಬೇರೇನೂ ತೋಚದೆ.

"ಕೆಲಸ ಹೀಗೆ ಮಾಡಿದರೆ ನೀನು ದಿಲ್ಲಿಯಲ್ಲೂ ಇರೋದಿಲ್ಲ."

ನಾನೂ ಪೇಂಟರೂ ಬಡಗಿಗಳೂ ಸೈಕಲ್ ಚಕ್ರದ ಕಡ್ಡಿ ಹಿಡಿದು ಒಂದೊಂದೇ ತೂತು ಬಿಡಿಸಿದೆವು. ಸೇನ್ ಸಾಹೇಬರೂ ಕೋಟು ಬಿಚ್ಚಿಟ್ಟು ಕೂತರು. ಆ ದಿನ ಒಂದು ಮಾತು ಹೇಳಿದರು: ಕಣ್ಣನ್ನು ನಂಬಬೇಡ, ತೂತಿಗೆ ಕಡ್ಡಿ ಹಾಕಿ ನೋಡು, ಕಡ್ಡಿ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಜ ಇದೆ. ಅಂದಿನಿಂದ ನನ್ನ ಚೀಲದಲ್ಲಿ ಒಂದು ಸೈಕಲ್ ಕಡ್ಡಿ ಸದಾ ಇರುತ್ತಿತ್ತು. ಆ ಕಡ್ಡಿ ಇಟ್ಟುಕೊಂಡೇ ನಾನು ಮುಂದಿನದನ್ನು ಮಾಡಿದೆ.

ಕೆಲಸದ ರೀತಿ ಬಹಳ ಬದಲಾಯಿತು. ಮೊದಲು ಬಡಗಿಗಳು ತಗಡಿನ ಅಚ್ಚು ಇಟ್ಟು ಡ್ರಿಲ್ಲಿನಿಂದ ಕೊರೆಯುತ್ತಿದ್ದರು. ಆ ಧೂಳು, ಆ ಕಿರುಚಾಟ, ಅದರಲ್ಲೇ ನನ್ನ ಕಿವಿ ಹೋದದ್ದು. ಆಮೇಲೆ ಕಂಪ್ಯೂಟರ್ ಯಂತ್ರ ಬಂತು, ಕೂದಲೆಳೆ ತಪ್ಪದ ತೂತು. ಕೆಲಸ ಸಲೀಸಾಯಿತು, ಜೊತೆಗೆ ಜನ ಹಲಗೆಯನ್ನು ಅಲಂಕಾರ ಎಂದುಕೊಂಡರು. ಗುರುಗ್ರಾಮದ ಒಂದು ಆಫೀಸಿನಲ್ಲಿ ನನ್ನ ಕಡ್ಡಿ ಒಂದು ತೂತಿಗೂ ಇಳಿಯಲಿಲ್ಲ. ಬೆರಳಿನಿಂದ ಸವರಿದೆ. ತೂತೇ ಇರಲಿಲ್ಲ, ಹಾಳೆಯ ಮೇಲೆ ಅಚ್ಚು ಹಾಕಿದ ಕಪ್ಪು ಚುಕ್ಕಿಗಳು. ಅಲ್ಲಿಯ ಡಿಸೈನರ್ ಹುಡುಗಿ, "ಅಂಕಲ್, ಲುಕ್ ತೋ ಸೇಮ್ ಹೈ ನಾ" ಎಂದಳು, ನೋಟಕ್ಕೆ ಒಂದೇ ತಾನೇ ಎಂದು. ಅವಳ ಮೇಲೆ ಕೂಗಾಡಿ ಹೊರಬಂದೆ. ಮೆಟ್ರೋದಲ್ಲಿ ಕೂತಾಗ, ನಾನು ಇದಕ್ಕಿಂತ ಕೆಟ್ಟದ್ದು ಮಾಡಿದವನು ಎಂಬುದು ನೆನಪಾಗಿ ಎರಡು ಸ್ಟೇಷನ್ ಮುಂದೆ ಹೋಗಿ ಇಳಿದೆ.

ಈಗ ಅದನ್ನು ಹೇಳುತ್ತೇನೆ.

ಪೂರ್ವ ದಿಲ್ಲಿಯ ಒಂದು ಖಾಸಗಿ ಶಾಲೆ, ಕಿವಿಗೆ ಮಷೀನು ಹಾಕಿಕೊಳ್ಳುವ ಮಕ್ಕಳಿಗೆಂದು ಒಂದು ಕೋಣೆ ಮಾಡಿಸಿತು. ಅವರ ಟೀಚರ್ ನಿರ್ಮಲಾ ಮೇಡಂ, ಧಾರವಾಡದವರು, ಗಂಡ ಕೇಂದ್ರ ಸರ್ಕಾರದಲ್ಲಿ. ಮನೆ ಸರೋಜಿನಿ ನಗರದಲ್ಲಿ, ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ನಾನು ಬಡಗಿಯನ್ನು ಬೈಯುವಾಗ ನನ್ನ ಬಾಯಿಂದ ಕನ್ನಡ ಬಿದ್ದದ್ದು ಕೇಳಿ ಅವರಿಗೆ ಗುರುತು ಸಿಕ್ಕಿತು.

"ನಮ್ಮ ಕಡೆಯವರೇನ್ರಿ? ಹಂಗಾದ್ರ ಚಿಂತಿ ಇಲ್ಲ ಬಿಡ್ರಿ," ಎಂದರು. ಬಿಡುವಿನಲ್ಲಿ ನಿಂತು ತಮ್ಮ ಮಕ್ಕಳ ಕಷ್ಟ ವಿವರಿಸಿದರು. "ಈ ಮಷೀನು ಎಲ್ಲಾ ಸದ್ದನ್ನೂ ದೊಡ್ಡದು ಮಾಡ್ತದ. ನನ್ನ ಮಾತು, ಫ್ಯಾನು, ಬೆಂಚು ಎಳೆದದ್ದು, ಗ್ವಾಡಿಗೆ ಬಡದು ವಾಪಸ್ ಬಂದದ್ದು, ಎಲ್ಲಾ ಒಮ್ಮೆಲೇ. ಅದರಾಗ ನನ್ನ ಮಾತು ಯಾವುದು ಅಂತ ಅವು ಹುಡುಕಬೇಕು. ಗ್ವಾಡಿ ಸುಮ್ಮನಿದ್ದರ ನಮ್ಮ ಹುಡುಗರು ಓದ್ತಾರ್ರಿ."

ಗೋಡೆ ಸುಮ್ಮನಿರಿಸುವುದು ನನ್ನ ಕೆಲಸ. ನಕ್ಷೆಯಲ್ಲಿ ಎರಡಿಂಚು ರೀಪು, ಗ್ಲಾಸ್ ವೂಲ್, ಎಲ್ಲ ಸರಿಯಾಗಿತ್ತು. ರೀಪು ಹೊಡೆಯಲು ಹೋದಾಗ ತೊಡಕಾಯಿತು. ಗೋಡೆ ದಪ್ಪವಾದರೆ ಕಿಟಕಿ ಬಾಗಿಲು ಪೂರಾ ತೆರೆಯುವುದಿಲ್ಲ, ಸ್ವಿಚ್ ಬೋರ್ಡು ಹಳ್ಳಕ್ಕೆ ಬೀಳುತ್ತದೆ. ಎಲ್ಲವನ್ನೂ ಮುಂದಕ್ಕೆ ತರಬೇಕು. ಉದ್ಘಾಟನೆಗೆ ದಿನ ಗೊತ್ತಾಗಿತ್ತು. ಬಡಗಿಗಳನ್ನು ನೋಯ್ಡಾದ ಇನ್ನೊಂದು ಸೈಟಿಗೆ ಕಳಿಸಬೇಕಿತ್ತು. ಖನ್ನಾ ಸಾಹೇಬರಿಗೆ ಫೋನ್ ಮಾಡಿದೆ.

"ಚಿಪ್ಕಾ ದೋ," ಎಂದರು. ಅಂಟಿಸಿಬಿಡು.

"ಸಾಹೇಬ್, ಹಿಂದೆ ಜಾಗ ಇಲ್ಲದಿದ್ದರೆ ಕೆಲಸ ಮಾಡೋದಿಲ್ಲ."

"ಶ್ರೀಪತ್ ಜೀ, ಛೇದ್ ತೋ ದಿಖೇಂಗೇ ನಾ?" ತೂತು ಕಾಣುತ್ತವಲ್ಲ ಎಂದು ಅವರ ಮಾತು.

ಸೇನ್ ಸಾಹೇಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಚಪ್ಪಾಳೆ ತಟ್ಟಿ ನೋಡುವವರು ಯಾರೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಲಗೆಗಳ ಬೆನ್ನಿಗೆ ಅಂಟು ಮೆತ್ತಿಸಿ ಸಿಮೆಂಟಿಗೆ ಒತ್ತಿಸಿದೆ. ಗ್ಲಾಸ್ ವೂಲಿನ ಉರುಳೆಗಳು ನೋಯ್ಡಾಕ್ಕೆ ಹೋದವು. ಉದ್ಘಾಟನೆಯ ದಿನ ಪ್ರಿನ್ಸಿಪಾಲರು ಗೋಡೆ ಸವರಿ "ಬಹುತ್ ಸುಂದರ್" ಎಂದರು. ನಾನು ಕೈಮುಗಿದೆ.

ಚಳಿಗಾಲದಲ್ಲಿ ಶಾಲೆಯಿಂದ ಕರೆ ಬಂತು. ಮಕ್ಕಳು ಆ ಕೋಣೆಗೆ ಹೋದ ಕೂಡಲೇ ಮಷೀನು ಕಿತ್ತು ಬೆಂಚಿನ ಮೇಲಿಡುತ್ತಿದ್ದರಂತೆ. ನಿರ್ಮಲಾ ಮೇಡಂ ಅವರನ್ನು ಕರೆದುಕೊಂಡು ಅಂಗಳದ ಬೇವಿನ ಮರದ ಕೆಳಗೆ ಬಿಸಿಲಿನಲ್ಲಿ ಪಾಠ ಮಾಡತೊಡಗಿದ್ದರು. ಅಲ್ಲಿ ಗೋಡೆಯೇ ಇಲ್ಲ, ಮಕ್ಕಳು ಕೇಳುತ್ತಿದ್ದರು. ಇಷ್ಟು ಖರ್ಚು ಮಾಡಿ ಕೋಣೆ ಕಟ್ಟಿಸಿದ ಮೇಲೆ ಟೀಚರ್ ಮರದ ಕೆಳಗೆ ಕೂರುವುದೇಕೆ ಎಂದು ಆಡಳಿತದವರಿಗೆ ಕೋಪ. ಗೋಡೆಯದು ತಪ್ಪೋ ಟೀಚರದ್ದೋ ಎಂದು ತೀರ್ಮಾನಿಸಲು ನನ್ನನ್ನು ಕರೆದಿದ್ದರು.

ಕೋಣೆಯಲ್ಲಿ ಪ್ರಿನ್ಸಿಪಾಲರು, ಮೇಡಂ, ನಾನು. ಮೇಡಂ ಕೈಯಲ್ಲಿ ಸ್ವೆಟರ್ ಹೆಣಿಗೆ ಇತ್ತು. ದಿಲ್ಲಿಯ ಚಳಿಗಾಲದಲ್ಲಿ ಟೀಚರುಗಳ ಕೈಯಲ್ಲಿ ಅದು ಇದ್ದೇ ಇರುತ್ತದೆ. ಅವರು ಖಾಲಿ ಕಡ್ಡಿಯನ್ನು ತೆಗೆದು ಗೋಡೆಯ ಒಂದು ತೂತಿಗೆ ಹಾಕಿದರು. ಹಲಗೆಯ ದಪ್ಪದಷ್ಟು, ಅರ್ಧ ಇಂಚು ಹೋಗಿ ಟಕ್ಕೆಂದು ನಿಂತಿತು. ಇನ್ನೊಂದು ತೂತು. ಅಲ್ಲೂ ಟಕ್. ಸೇನ್ ಸಾಹೇಬರ ಪರೀಕ್ಷೆಯನ್ನು ಯಾರೂ ಹೇಳಿಕೊಡದೆ ಅವರು ಮಾಡುತ್ತಿದ್ದರು.

"ಶ್ರೀಪತಿಯವರ, ಇದರ ಹಿಂದ ಜಾಗಾ ಇರಬೇಕಲ್ಲೇನ್ರಿ?" ಎಂದು ಮೆತ್ತಗೆ ಕನ್ನಡದಲ್ಲಿ ಕೇಳಿದರು. ನನ್ನ ಮರ್ಯಾದೆ ಉಳಿಸಲೆಂದೇ ಕನ್ನಡದಲ್ಲಿ ಕೇಳಿದ್ದು.

ನಾನು ಪ್ರಿನ್ಸಿಪಾಲರ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದೆ: "ಪ್ರಿನ್ಸಿಪಾಲ್ ಜೀ, ಹಿಂದೆ ಗ್ಲಾಸ್ ವೂಲ್ ಒತ್ತಿ ತುಂಬಿದೆ. ಕಡ್ಡಿ ಹೋಗುವುದಿಲ್ಲ."

ಗ್ಲಾಸ್ ವೂಲಿಗೆ ಕಡ್ಡಿ ಹಾಕಿದರೆ ಹಾಸಿಗೆಯ ಹತ್ತಿಗೆ ಇಳಿದಂತೆ ಇಳಿಯುತ್ತದೆ. ಇದು ನನಗೆ ಗೊತ್ತು, ಅವರಿಬ್ಬರಿಗೂ ಗೊತ್ತಿಲ್ಲ. ನಿರ್ಮಲಾ ಮೇಡಂ ನನ್ನ ಮುಖ ನೋಡಿದರು. ಆಮೇಲೆ ಕಡ್ಡಿ ಹೊರಗೆಳೆದು ಪ್ರಿನ್ಸಿಪಾಲರಿಗೆ, "ಇವರು ನಮ್ಮ ಕರ್ನಾಟಕದವರು. ಇವರು ಹೇಳಿದ್ದರೆ ಸರಿಯೇ ಇರಬೇಕು," ಎಂದರು.

ಕೆಲಸ ಹೋಗುವ ಭಯದಿಂದ ಸುಳ್ಳು ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಖನ್ನಾ ಸಾಹೇಬರು ನನ್ನನ್ನು ಕೆಲಸದಿಂದ ಬಿಡಿಸುತ್ತಿರಲಿಲ್ಲ, ಬೈದು ಮತ್ತೆ ಮಾಡಿಸುತ್ತಿದ್ದರು. ನಿಜ ಏನೆಂದರೆ, ಸ್ವೆಟರ್ ಕಡ್ಡಿ ಹಿಡಿದುಕೊಂಡು ನನ್ನ ಕೆಲಸ ಅಳೆಯಲು ಬಂದ ಹೆಂಗಸಿನ ಮೇಲೆ ನನಗೆ ಸಿಟ್ಟು ಬಂದಿತ್ತು. ಅಷ್ಟೇ. ಆ ವರ್ಷದ ಕೊನೆಗೆ ಆ ತರಗತಿ ಮುಚ್ಚಿತು. ಮಕ್ಕಳು ಎಲ್ಲೆಲ್ಲಿಗೋ ಹೋದರು, ಮೇಡಂ ಕೆಲಸ ಬಿಟ್ಟರು. ಕೋಣೆ ಕಂಪ್ಯೂಟರ್ ಲ್ಯಾಬ್ ಆಯಿತು. ಈ ಸುದ್ದಿ ಕೇಳಿದ ದಿನವೂ ನಾನು ಊಟ ಮಾಡಿದೆ, ಮಲಗಿದೆ.

ನಿವೃತ್ತನಾದ ಮೇಲೆ ನನ್ನ ಕಿವಿ ಪೂರಾ ಕೈಕೊಟ್ಟಿತು. ಈಗ ಎರಡೂ ಕಿವಿಗೆ ಮಷೀನು. ಹಾಕಿಕೊಂಡ ಮೊದಲ ವಾರವೇ ನಿರ್ಮಲಾ ಮೇಡಂ ಹೇಳಿದ್ದು ಏನೆಂದು ಗೊತ್ತಾಯಿತು. ತಟ್ಟೆಯ ಸದ್ದು ತಲೆಯೊಳಗೆ ಬಡಿಯುತ್ತದೆ. ತುಂಬಿದ ಕೋಣೆಯಲ್ಲಿ ಹೆಂಡತಿಯ ಮಾತು ಎಲ್ಲೋ ಮುಳುಗಿರುತ್ತದೆ.

ಹೋದ ಚಳಿಗಾಲದಲ್ಲಿ ಆರ್.ಕೆ.ಪುರಂ ಹತ್ತಿರ ನಮ್ಮವರ ಒಂದು ಕನ್ನಡ ಬಳಗದ ಹೊಸ ಹಾಲಿನಲ್ಲಿ ರಾಜ್ಯೋತ್ಸವ. ಎರಡೂ ಪಕ್ಕದ ಗೋಡೆಗೆ ತೂತಿನ ಹಲಗೆ. ಭಾಷಣ ಶುರುವಾದದ್ದೇ ನನಗೆ ಕೇಳಿಸಿದ್ದು ಬಾವಿಯೊಳಗಿನ ಗದ್ದಲ, ಅದರಲ್ಲಿ ಒಂದು ಪದವೂ ಕನ್ನಡದ್ದಾಗಿರಲಿಲ್ಲ. ಪಕ್ಕದ ಕುರ್ಚಿಗೆ ನರೆಗೂದಲಿನ ಹೆಂಗಸೊಬ್ಬರು ಬಂದು ಏನೋ ಕೇಳಿದರು. ನಾನು ಕಿವಿ ತೋರಿಸಿದೆ. ಅವರು ಮಷೀನು ನೋಡಿ, ಮುಖ ನೋಡಿ, ನನ್ನ ಮೊಣಕೈ ಹಿಡಿದು ಎಬ್ಬಿಸಿ ಹೊರಗೆ ಹುಲ್ಲಿನ ಮೇಲೆ ಕರೆತಂದರು. ನನ್ನೆದುರು ಬಂದು ನಿಂತು, ತುಟಿ ಕಾಣುವಂತೆ ನಿಧಾನವಾಗಿ ಕೇಳಿದರು:

"ಈಗ ಕೇಳಸ್ತದೇನ್ರಿ, ಶ್ರೀಪತಿಯವರ?"

ಆಗ ಗುರುತು ಹತ್ತಿತು. "ಕೇಳಿಸ್ತು ಮೇಡಂ."

"ಕಿತ್ತು ಒಗೀಬೇಕು ಅನ್ನಸ್ತದ?"

"ದಿನಾ ಅನ್ನಿಸುತ್ತೆ."

"ನಮ್ಮ ಹುಡುಗರೂ ಹಂಗ ಮಾಡ್ತಿದ್ರು," ಎಂದು ನಕ್ಕರು.

ಆ ನಗುವನ್ನು ನನ್ನಿಂದ ಸಹಿಸಲಾಗಲಿಲ್ಲ. ಅಲ್ಲೇ ನಿಂತು ಎಲ್ಲ ಹೇಳಿದೆ. ಅಂಟಿಸಿದ್ದು, ಗ್ಲಾಸ್ ವೂಲ್ ನೋಯ್ಡಾಕ್ಕೆ ಹೋದದ್ದು, ಕಡ್ಡಿ ನಿಂತಾಗ ಹೇಳಿದ ಸುಳ್ಳು. ನಾನು ಮುಗಿಸಿದ ಮೇಲೆ ಅವರು ಹೆಗಲ ಶಾಲನ್ನು ಬಿಗಿಯಾಗಿ ಎಳೆದುಕೊಂಡರು.

"ಪೂಜಾ ಅಂತ ಒಬ್ಬಾಕಿ ಇದ್ಲು," ಎಂದರು. "ಆ ಕೋಣ್ಯಾಗ ಕಾಲಿಟ್ಟರ ಕಿವಿ ಮುಚ್ಚಿಕೊಂಡು ಅಳಾಕಿ. ನೀವು ಗ್ವಾಡಿ ಸರಿ ಅದ ಅಂದ್ರಲ್ಲ, ಅವತ್ತಿನಿಂದ ನಾ ಮರದ ಕೆಳಗ ಹೋಗೂದು ಬಿಟ್ಟೆ. ಗ್ವಾಡಿ ಸರಿ ಇದ್ದ ಮ್ಯಾಲೆ ತಪ್ಪು ಮಕ್ಕಳದ ಅಲ್ಲೇನ್ರಿ? ಅವರ ಮ್ಯಾಲೆ ಸಿಟ್ಟಾದೆ. ಪೂಜಾನ ಅವ್ವಗ ಕರದು ಹೇಳಿದೆ, ನಿಮ್ಮ ಹುಡುಗಿಗೆ ಕಲಿಯೋ ಮನಸ್ಸ ಇಲ್ಲ ಅಂತ. ಆಕಿ ಸುಮ್ಮನ ಕೇಳಿಕೊಂಡು ಮಗಳ ಕೈ ಹಿಡಕೊಂಡು ಹೋದ್ಲು. ಮತ್ತ ಬರಲಿಲ್ಲ."

"ಮೇಡಂ, ಕ್ಷಮಿಸಿ..."

"ನನಗ್ಯಾಕ ಅಂತೀರಿ? ನಾ ಯಾರಿಗೆ ಹೋಗಿ ಅನ್ನಲಿ?"

ಒಳಗಿನಿಂದ ಆ ಗದ್ದಲ ಬಾಗಿಲವರೆಗೂ ಬರುತ್ತಿತ್ತು. ಅವರ ಕೈಚೀಲದಿಂದ ಉಣ್ಣೆಯ ಉಂಡೆ ಇಣುಕುತ್ತಿತ್ತು. ಒಂದು ಕಡ್ಡಿ ಕೊಡಿ ಎಂದು ಕೇಳಿದೆ. ಯಾಕೆ ಎಂದು ಕೇಳದೆ ಖಾಲಿ ಕಡ್ಡಿ ಕೊಟ್ಟು ನನ್ನ ಹಿಂದೆಯೇ ಒಳಗೆ ಬಂದರು.

ಭಾಷಣ ಮುಗಿದು ಚಹಾದ ಬಿಡುವು. ಹಾಲಿನ ಕೆಲಸ ಮಾಡಿಸಿದ್ದು ಬಳಗದವರೊಬ್ಬರ ಮಗನೇ, ಕಾರ್ತಿಕ್. ಇಲ್ಲೇ ಹುಟ್ಟಿ ಬೆಳೆದವನು, ಹೋದ ವರ್ಷ ಸ್ವಂತ ಕಂಟ್ರಾಕ್ಟು ಶುರುಮಾಡಿದ್ದ. ನಾನು ಗೋಡೆಯ ಹತ್ತಿರ ಹೋದದ್ದು ಕಂಡು ಖುಷಿಯಿಂದ ಬಂದ. "ಅಂಕಲ್, ಹೇಗಿದೆ? ಅಕೌಸ್ಟಿಕ್ ಪ್ಯಾನೆಲ್ ಹೈ, ಬೆಸ್ಟ್ ಕ್ವಾಲಿಟಿ."

ಕಡ್ಡಿಯನ್ನು ತೂತಿಗೆ ಹಾಕಿದೆ. ಅರ್ಧ ಇಂಚು ಹೋಗಿ ಟಕ್ಕೆಂದು ನಿಂತಿತು.

"ಹಿಂದೆ ಗ್ಲಾಸ್ ವೂಲ್ ಟೈಟಾಗಿ ತುಂಬಿದೆ ಅಂಕಲ್," ಎಂದ ಕಾರ್ತಿಕ್. "ಕಡ್ಡಿ ಹೋಗಲ್ಲ."

ನಿರ್ಮಲಾ ಮೇಡಂ ನನ್ನ ಬೆನ್ನ ಹಿಂದೆಯೇ ಇದ್ದರು. ನಾನು ಕಾರ್ತಿಕ್ ಕಡೆ ತಿರುಗಿದೆ.

"ಈ ಮಾತು ನಿನಗೆ ಯಾರು ಹೇಳಿಕೊಟ್ಟರು?"

"ಸಬ್ ಯಹೀ ಬೋಲ್ತೇ ಹೈಂ ಅಂಕಲ್. ಸೈಟಲ್ಲಿ ಎಲ್ಲಾ ಹೀಗೇ ಹೇಳ್ತಾರೆ."

"ನೀನು ಚಡ್ಡಿ ಹಾಕ್ಕೊಂಡು ಓಡಾಡೋವಾಗಲೇ ನಾನು ಇದನ್ನ ಹೇಳಿದೀನಿ. ಒಂದು ಶಾಲೆ ಮಕ್ಕಳ ಬಾಯಿಗೆ ಮಣ್ಣು ಹಾಕಿದೀನಿ. ಗ್ಲಾಸ್ ವೂಲ್ ಇದ್ದಿದ್ರೆ ಈ ಕಡ್ಡಿ ಬೆಣ್ಣೆಗೆ ಇಳಿದ ಹಾಗೆ ಇಳೀತಿತ್ತು. ಹೋಗು, ಉಳಿ ತಗೊಂಡು ಬಾ."

ನನ್ನ ದನಿ ಎಷ್ಟು ಜೋರಾಗಿತ್ತೋ ನನಗೆ ತಿಳಿಯುವುದಿಲ್ಲ, ಚಹಾ ಹಿಡಿದವರೆಲ್ಲ ತಿರುಗಿ ನೋಡುತ್ತಿದ್ದರು. ಬಳಗದ ಅಧ್ಯಕ್ಷರು ಓಡಿ ಬಂದು, ಇವತ್ತು ಬೇಡ ಸಾರ್, ಇನ್ನೂ ಮಕ್ಕಳ ನೃತ್ಯ ಇದೆ ಎಂದರು.

"ತೆಗೀಲಿ ಬಿಡ್ರಿ," ಎಂದರು ನಿರ್ಮಲಾ ಮೇಡಂ. "ನಾವೂ ಒಮ್ಮೆ ನೋಡೂಣು."

ಕಾರ್ತಿಕ್ ಕೆಂಪು ಮುಖ ಮಾಡಿಕೊಂಡು ಕಾರಿನಿಂದ ಉಳಿ ತಂದ. ಮೂಲೆಯ ಹಲಗೆಯ ಅಂಚಿಗೆ ಕೊಟ್ಟು ಅವನೇ ಮೀಟಿದ. ಹಲಗೆ ಕಿತ್ತು ಬಂತು. ಹಿಂದೆ ಬರೀ ಸಿಮೆಂಟು, ಅದರ ಮೇಲೆ ಚಪಾತಿ ಉಂಡೆಗಳಂತೆ ಒಣಗಿದ ಅಂಟು. ಅವನು ಆ ಹಲಗೆಯನ್ನು ಎದೆಗೆ ಆನಿಸಿಕೊಂಡ. ಆಮೇಲೆ ನನಗೆ ಕೇಳಿಸಲೆಂದು ಹತ್ತಿರ ಬಂದು ಕೇಳಿದ:

"ರೀಪು ಎಷ್ಟು ಇಂಚು ಅಂಕಲ್?"

"ಎರಡು," ಎಂದೆ. ಆ ಕೋಣೆಯ ಮಕ್ಕಳಿಗೆ ನಾನು ಕೊಡದೆ ಹೋದದ್ದೂ ಅಷ್ಟೇ, ಎರಡು ಇಂಚು ಗಾಳಿ.

ನಿರ್ಮಲಾ ಮೇಡಂ ಗೋಡೆಯ ಹತ್ತಿರವಿದ್ದ ಕುರ್ಚಿಯಲ್ಲಿ ಕೂತು ನನ್ನ ಕೈಯಿಂದ ಕಡ್ಡಿ ವಾಪಸು ತೆಗೆದುಕೊಂಡರು. ತುದಿಗೆ ಅಂಟಿದ್ದ ಮರದ ಪುಡಿಯನ್ನು ಸೆರಗಿಗೆ ಒರೆಸಿದರು. ನನ್ನ ಕಡೆ ನೋಡಲಿಲ್ಲ. ಉಣ್ಣೆ ಎಳೆದುಕೊಂಡು, ಎಲ್ಲಿಗೆ ಬಿಟ್ಟಿದ್ದರೋ ಅಲ್ಲಿಂದ ಮುಂದಿನ ಸಾಲು ಹೆಣೆಯತೊಡಗಿದರು.